ಡಬ್ಬಣನ ಹೊಟ್ಟೆನೋವು

ಹಾಸಿಗೆ ಅಂಗಡಿಯವರ ಮನೆಯಲ್ಲಿ ಬೆಳಗಾಯಿತೆಂದರೆ ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಹತ್ತಿ ಹಿಂಜಿದ ಧೂಳು ಒಲೆಯ ಮೇಲಿನ ಪಾತ್ರೆಯವರೆಗೂ ಹಾರಿಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದವರು ಚಿಕ್ಕಪ್ಪ ಮತ್ತು ಮನೆಯ ಮಗ. ಚಿಕ್ಕಪ್ಪನದು ವ್ಯಾಪಾರ, ಹುಡುಗನದು ಹೊಲಿಗೆ. ಹುಡುಗ ಹಾಸಿಗೆ ಹೊಲಿಯುವ ಡಬ್ಬಣದ ಹಾಗೆ ಉದ್ದ, ಮಾತು ಅದಕ್ಕಿಂತ ಚೂಪು. ಆದ್ದರಿಂದ ಬೀದಿಯವರೆಲ್ಲ ಅವನನ್ನು ಡಬ್ಬಣ ಎಂದೇ ಕರೆಯುತ್ತಿದ್ದರು. ಗಂಟೆಗಟ್ಟಲೆ ಚೌಕಾಸಿ ಮಾಡಿದ ಗಿರಾಕಿಗೆ, "ಇಷ್ಟು ಮಾತಾಡಿ ಸುಸ್ತಾಗಿರ್ತೀರಿ ಸ್ವಾಮಿ, ನಿಮಗೆ ನೆಲದ ಮೇಲೂ ನಿದ್ದೆ ಬರುತ್ತೆ" ಎಂದು ಹೇಳಿ, ಅವರನ್ನು ನಗಿಸಿ, ಕೇಳಿದ ಬೆಲೆಗೇ ಹಾಸಿಗೆ ಹೊರಿಸಿ ಕಳಿಸುತ್ತಿದ್ದ.

ಅಂಥ ಡಬ್ಬಣ ಮಾತು ಬಿಟ್ಟ. ಏನಾಯಿತೆಂದು ಕೇಳಿದರೆ ಏನೂ ಆಗಿರಲಿಲ್ಲ. ಪ್ರೇಮವಿರಲಿಲ್ಲ, ಜಗಳವಿರಲಿಲ್ಲ. ಕಾರಣ ಸಿಕ್ಕಿದರೆ ಮಾತ್ರ ಕಾಯಿಲೆ ಎಂದು ಒಪ್ಪುವ ಜನ ನಾವು, ಇಲ್ಲಿ ಕಾರಣವೇ ಸಿಗಲಿಲ್ಲ. ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ಒಂದು ದಿನ ಹೊಲಿಯುತ್ತ ಹೊಲಿಯುತ್ತ ಡಬ್ಬಣವನ್ನು ಹಾಸಿಗೆಯೊಳಗೇ ಮರೆತು ಕಳಿಸಿಬಿಟ್ಟ. ಪುಣ್ಯಕ್ಕೆ ಯಾರಿಗೂ ಚುಚ್ಚಲಿಲ್ಲ. ಕೊಂಡವರು ಅದನ್ನು ವಾಪಸು ತಂದು ಗಲ್ಲಾದ ಮೇಲೆ ಇಟ್ಟಾಗ ಅವನ ಮುಖ ಬಿಳಿಚಿಕೊಂಡಿತು. ಮಾರನೆಯ ದಿನದಿಂದ ಅಂಗಡಿಗೇ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ, ಕಣ್ಣು ಬಿಟ್ಟುಕೊಂಡು ಮಲಗಿದ.

ಮೊದಮೊದಲು ಬುದ್ಧಿವಾದ ನಡೆಯಿತು. ಉಣ್ಣುವುದಕ್ಕೆ ಇದೆ, ಮಲಗುವುದಕ್ಕೆ ಇದೆ, ನಿನಗೇನು ಕೊರತೆ ಎಂದು ಚಿಕ್ಕಪ್ಪ ಬೈದರು. ಮೈ ಬಗ್ಗಿಸಿ ದುಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅಮ್ಮ ಗೋಗರೆದಳು. ಅವನು ಕೇಳಿಸಿಕೊಂಡು, ಹೌದು ಎಂದು ತಲೆಯಾಡಿಸಿ, ಮತ್ತೆ ಗೋಡೆ ಕಡೆ ತಿರುಗಿದ. ತಾನು ಸೋಮಾರಿ ಎಂದು ಅವನೂ ನಂಬಿದ್ದ.

ಅಷ್ಟರಲ್ಲಿ ಬೀದಿ ಕೇಳತೊಡಗಿತು. ಡಬ್ಬಣ ಎಲ್ಲಿ? ಅಮ್ಮನ ಬಾಯಿಗೆ ಬಂದದ್ದು ಬೆನ್ನುನೋವು. ಅದನ್ನು ಕೇಳಿ ಚಿಕ್ಕಪ್ಪ ಹೌಹಾರಿದರು. ಹಾಸಿಗೆ ಹೊಲಿಯುವವನಿಗೇ ಬೆನ್ನುನೋವು ಎಂದರೆ ಆ ಅಂಗಡಿಯ ಹಾಸಿಗೆಯನ್ನು ಯಾರು ಕೊಳ್ಳುತ್ತಾರೆ? ಮನೆಯವರು ಬಾಗಿಲು ಹಾಕಿಕೊಂಡು, ಹತ್ತಿ ಮೂಟೆಗಳ ನಡುವೆ ಕೂತು, ಮಗನಿಗೆ ಯಾವ ಕಾಯಿಲೆ ಇರಬೇಕೆಂದು ಚರ್ಚೆ ಮಾಡಿದರು. ತಲೆನೋವು ಬೇಡ, ತಲೆ ಎಂದ ಕೂಡಲೇ ಜನ ಬೇರೆ ಏನೋ ಯೋಚಿಸುತ್ತಾರೆ. ಕೊನೆಗೆ ಹೊಟ್ಟೆನೋವು ಎಂದು ತೀರ್ಮಾನವಾಯಿತು. ಓದುವವರು ನಗಬೇಡಿ. ಇಂಥ ಸಭೆಗಳು ನಮ್ಮ ನಿಮ್ಮ ಮನೆಗಳಲ್ಲೂ ನಡೆದಿವೆ, ನಡೆಯುತ್ತಲೂ ಇವೆ.

ಹೊಟ್ಟೆನೋವಿನವನಿಗೆ ಖಾರ ಕೊಡುವಂತಿಲ್ಲ, ಎಣ್ಣೆ ಕೊಡುವಂತಿಲ್ಲ. ನೋಡುವವರ ಕಣ್ಣಿಗಾಗಿ ಸಪ್ಪೆ ಊಟ ಶುರುವಾಯಿತು. ಮೊದಲೇ ಒಣಗಿದ್ದ ಹುಡುಗ ಇನ್ನೂ ಒಣಗಿದ. ಚಿಕ್ಕಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹುಡುಗ ಬಾಯಿ ತೆರೆಯುವ ಮೊದಲೇ ತಾವೇ ಎಲ್ಲ ಹೇಳಿ, ಹೊಟ್ಟೆಯ ಮಾತ್ರೆ ಬರೆಸಿಕೊಂಡು ಬಂದರು. ಎದುರಿನ ಸೋಪಿನಂಗಡಿಯಾಕೆ ಒಳ್ಳೆಯ ಮನಸ್ಸಿನಿಂದ ಕಹಿ ಕಷಾಯ ಕಾಸಿ ತಂದಳು. ಡಬ್ಬಣ ಎಲ್ಲವನ್ನೂ ಕುಡಿದ, ಎಲ್ಲವನ್ನೂ ನುಂಗಿದ. ಯಾರಾದರೂ ಬಂದರೆ ಹೊಟ್ಟೆ ಹಿಡಿದುಕೊ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಹೊರಗೆ ಚಪ್ಪಲಿ ಸದ್ದಾದರೆ ಸಾಕು, ಅವನ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಬೆಳೆದ ಮಗನಿಗೆ ತಾಯಿ ಕಲಿಸಿದ ಪಾಠ ಇದು. ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಡಬ್ಬಣನ ತಂಗಿ ಬಸ್ ಕಂಡಕ್ಟರ್. ಅವಳ ಡಿಪೋದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದು, ಮೂರ್ಛೆ ಹೋದವರನ್ನು ಮಲಗಿಸುವುದು ಎಲ್ಲ ಆದ ಮೇಲೆ, ಮನಸ್ಸಿಗೆ ಪೆಟ್ಟಾದರೂ ಪ್ರಥಮ ಚಿಕಿತ್ಸೆ ಇದೆ ಎಂದು ತರಬೇತಿಯ ಹೆಂಗಸು ಹೇಳಿದಳು. ಹತ್ತಿರ ಕೂತು ಕೇಳಬೇಕು, ಬುದ್ಧಿ ಹೇಳಬಾರದು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲು ಹೆದರಬಾರದು. ಇದೆ ಎಂದರೆ ಒಂಟಿ ಬಿಡದೆ ಡಾಕ್ಟರ ಬಳಿ ಕರೆದೊಯ್ಯಬೇಕು. ಜೊತೆಯವರು ಕಿಸಿಕಿಸಿ ನಗುತ್ತಿದ್ದರೂ ತಂಗಿಗೆ ನಗು ಬರಲಿಲ್ಲ. ಅಣ್ಣನಿಗೆ ಹೊಟ್ಟೆನೋವು ಎಂದು ಅದೇ ಜೊತೆಯವರಿಗೆ ಅವಳೂ ಹೇಳಿಕೊಂಡು ಬಂದಿದ್ದಳು. ತಲೆ ತಗ್ಗಿಸಿ ಕೂತಳು.

ಮಧ್ಯಾಹ್ನ ಮನೆಗೆ ಬಂದವಳು ಟಿಕೆಟ್ ಚೀಲವನ್ನೂ ಇಳಿಸದೆ ಹಿಂದಿನ ಕೋಣೆಗೆ ಹೋಗಿ, ಅಣ್ಣನ ಪಕ್ಕ ಕೂತಳು. ಆಮೇಲೆ ಕೇಳಿದಳು.

"ಅಣ್ಣಾ, ಸತ್ತುಹೋಗ್ಬೇಕು ಅಂತ ಅನ್ನಿಸ್ತಿದೆಯಾ?"

ಅವನು ಗೋಡೆಯಿಂದ ಈ ಕಡೆ ತಿರುಗಿದ.

"ದಿನಾ ಅನ್ಸುತ್ತೆ" ಎಂದ. "ಯಾರಾದ್ರೂ ಕೇಳಿದ್ರೆ ಹೇಳ್ಬಿಡೋಣ ಅಂತಿದ್ದೆ. ಎಲ್ಲರೂ ಹೊಟ್ಟೆ ಹೇಗಿದೆ ಅಂತಾನೇ ಕೇಳಿದ್ರು."

ತಂಗಿಗೆ ಹೇಳಲು ನೂರು ಮಾತು ಬಾಯಿಗೆ ಬಂದವು. ಒಂದನ್ನೂ ಆಡಲಿಲ್ಲ. ಅವನ ಕೈ ಹಿಡಿದುಕೊಂಡು, ಅವನು ತಡೆತಡೆದು ಹೇಳಿದ್ದನ್ನೆಲ್ಲ ಕೇಳಿದಳು. ಮನೆಗೆ ಭಾರವಾಗಿದ್ದೇನೆ, ಅಂಗಡಿಯ ಹೆಸರು ಕೆಡಿಸುತ್ತಿದ್ದೇನೆ, ನಾನಿಲ್ಲದಿದ್ದರೆ ನಿಮಗೆ ಸುಳ್ಳು ಹೇಳುವ ಕೆಲಸವೂ ತಪ್ಪುತ್ತದೆ ಎಂದ. ತಂಗಿ ಎದ್ದುಹೋಗದೆ ಕೂತಲ್ಲಿಂದಲೇ ಅಮ್ಮನನ್ನು ಕೂಗಿದಳು.

ಅಮ್ಮ ಕೇಳಿ ಕೆಂಡವಾದಳು. ಅಂಥ ಅಪಶಕುನದ ಮಾತನ್ನು ಬಾಯಿಬಿಟ್ಟು ಕೇಳುತ್ತಾರೆಯೇ, ಇಲ್ಲದ ಯೋಚನೆಯನ್ನು ನೀನೇ ಅವನ ತಲೆಗೆ ತುಂಬಿದೆ ಎಂದು ಮಗಳ ಮೇಲೆ ಹರಿಹಾಯ್ದಳು. ಕೇಳುವುದರಿಂದ ಯಾರೂ ಸಾಯುವುದಿಲ್ಲ ಎಂದು ಮಗಳು ತಾಳ್ಮೆಯಿಂದ ಹೇಳಿದಳು. ಯೋಚನೆ ಅವನಲ್ಲಿ ಆಗಲೇ ಇತ್ತು, ಅವನು ಅದರ ಜೊತೆ ಒಬ್ಬನೇ ಇದ್ದ, ಈಗ ನಾವೂ ಇದ್ದೇವೆ ಎಂದಳು. ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಹುಚ್ಚು ಎನ್ನುವ ಪದ ಒಮ್ಮೆ ಹೊಸ್ತಿಲು ದಾಟಿದರೆ ವ್ಯಾಪಾರ ಮುಳುಗಿತೆಂದೇ ತಿಳಿಯಿರಿ, ತಲೆ ಎತ್ತಿ ತಿರುಗುವಂತಿಲ್ಲ ಎಂದರು.

ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ಯಾರ ಮುಖವನ್ನೂ ನೋಡದೆ ಹೇಳಿದಳು.

"ನಮ್ಮಕ್ಕನೂ ಹೀಗೇ ಮಲ್ಗಿದ್ಳು. ನಮ್ಮಪ್ಪ ಜ್ವರ ಅಂದ್ರು. ಅವಳಾಗೇ ಜೀವ ಕಳ್ಕೊಂಡ ಮೇಲೂ ಜ್ವರ ಅಂತಾನೇ ಅಂದ್ರು. ಜ್ವರ ಇರ್ಲಿಲ್ಲ ಅಂತ ನನಗೆ ಗೊತ್ತಿತ್ತು."

ಚಿಕ್ಕಪ್ಪ ಬಾಗಿಲು ಬಿಟ್ಟು ಒಳಗೆ ಬಂದು ಕೂತರು. ಡಬ್ಬಣ ಎದ್ದು ಕೂತು ಅಮ್ಮನನ್ನೇ ನೋಡಿದ. ತಮ್ಮವರಲ್ಲೇ ತನ್ನ ಹಾಗೆ ಇನ್ನೊಬ್ಬರು ಇದ್ದರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಡಾಕ್ಟರ ಹತ್ತಿರ ನಾಳೆ ಹೋಗೋಣ ಎಂದರು ಚಿಕ್ಕಪ್ಪ. ಈಗಲೇ ಎಂದಳು ತಂಗಿ. ನಾಲ್ವರೂ ಹೊರಟರು. ದಾರಿಯುದ್ದಕ್ಕೂ ಚಿಕ್ಕಪ್ಪ ಪಿಸುಗುಟ್ಟಿದ್ದು ಒಂದೇ ಮಾತು: ಹೊರಗೆ ಹೊಟ್ಟೆನೋವು ಎಂದೇ ಹೇಳೋಣ, ಒಳಗೆ ಹೋದ ಮೇಲೆ ಡಾಕ್ಟರ ಕಿವಿಯಲ್ಲಿ ನಿಜ ಹೇಳಿದರಾಯಿತು.

ಡಾಕ್ಟರ ಶಾಪು ಚಿಕ್ಕದು. ಬೆಂಚುಗಳ ತುಂಬ ಜನ, ಅರ್ಧಕ್ಕರ್ಧ ಅದೇ ಬೀದಿಯವರು. ಸೋಪಿನಂಗಡಿಯಾಕೆಯೂ ಇದ್ದಳು. ಚೀಟಿ ಕೊಡುವ ಕಾಂಪೌಂಡರು ದೂರದಿಂದಲೇ ಗುರುತು ಹಿಡಿದು, ಮತ್ತೆ ಹೊಟ್ಟೆನೋವೇ ಎಂದು ಜೋರಾಗಿ ಕೇಳಿದರು. ಎಲ್ಲರೂ ತಿರುಗಿ ನೋಡಿದರು. ಡಬ್ಬಣನ ಕೈ ಅಭ್ಯಾಸದಂತೆ ಹೊಟ್ಟೆಗೆ ಹೋಯಿತು.

ಅಮ್ಮ ಆ ಕೈಯನ್ನು ನೋಡಿದಳು. ನಾಚಿಕೆಯಿಂದ ಅವಳ ಕತ್ತಿನವರೆಗೂ ಬಿಸಿಯೇರಿತು. ಇಷ್ಟು ದಿನ ಅವಳು ನಾಚಿದ್ದು ಮಗನಿಗಾಗಿ, ಈಗ ನಾಚಿದ್ದು ತನಗಾಗಿ. ಮಗನ ಕೈಯನ್ನು ಹೊಟ್ಟೆಯಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು.

"ಹೇಳ್ಲೇನೋ?" ಎಂದು ಮೆಲ್ಲಗೆ ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ.

"ಹೊಟ್ಟೆ ಅಲ್ಲಪ್ಪಾ" ಎಂದಳು ಅಮ್ಮ. ಎಲ್ಲರಿಗೂ ಕೇಳಿಸಿತು. "ಹೊಟ್ಟೆ ಅಂತ ಸುಳ್ಳು ಹೇಳಿದ್ದು ನಾವು. ಇವನಿಗೆ ಮನಸ್ಸಿನ ಕಾಯಿಲೆ. ಬದುಕೋದು ಬೇಡ ಅನ್ನಿಸ್ತಿದೆ ಇವನಿಗೆ. ಕಾಯೋಕಾಗಲ್ಲ, ಒಳಗೆ ಬಿಡಿ."

ಯಾರೂ ನಗಲಿಲ್ಲ. ಬಾಗಿಲ ಬಳಿ ಕೂತಿದ್ದ ಮುದುಕ ಕಾಲು ಮಡಚಿಕೊಂಡು ದಾರಿ ಬಿಟ್ಟ. ಡಾಕ್ಟರು ಈ ಸಲ ಹುಡುಗನನ್ನೇ ಮಾತಾಡಿಸಿದರು. ತಾವು ಮೊದಲೇ ಅವನನ್ನು ಕೇಳಬೇಕಾಗಿತ್ತು ಎಂದು ಒಪ್ಪಿಕೊಂಡರು. ಮನೋವೈದ್ಯರಿಗೆ ಫೋನು ಮಾಡಿ, ಇವತ್ತೇ ನೋಡಬೇಕೆಂದು ಹೇಳಿ ಚೀಟಿ ಕೊಟ್ಟರು. ವಾಸಿಯಾಗಲು ಸಮಯ ಬೇಕು, ಆದರೆ ವಾಸಿಯಾಗುವ ಕಾಯಿಲೆ ಎಂದರು.

ಚಿಕ್ಕಪ್ಪ ಆಟೋ ತರಲು ಹೋದರು. ಉಳಿದವರು ಹೊರಗಿನ ಬೆಂಚಿನ ಮೇಲೆ ಕೂತರು. ಸೋಪಿನಂಗಡಿಯಾಕೆ ತನ್ನ ಸರದಿ ಬಿಟ್ಟು ಹೊರಗೆ ಬಂದು, ಸೆರಗು ತಿರುವುತ್ತ ನಿಂತಳು. ಕಷಾಯ ಕುಡಿಸಿದ್ದಕ್ಕೆ ತಪ್ಪಾಯಿತೆಂದಳು. ಆಮೇಲೆ ಅತ್ತಿತ್ತ ನೋಡಿ, ತಂಗಿಯ ಕಿವಿಯ ಹತ್ತಿರ ಬಗ್ಗಿದಳು.

"ನಮ್ಮನೇಲೂ ಒಬ್ಳಿದ್ದಾಳಮ್ಮ, ನಮ್ಮ ದೊಡ್ಡ ಸೊಸೆ. ತಲೆಸುತ್ತು ಅಂತ ಹೇಳ್ಕೊಂಡಿದ್ದೀವಿ. ಏನ್ ಮಾಡ್ಬೇಕು ನಾವು?"

ತಂಗಿ ಬಾಯಿ ತೆರೆಯುವಷ್ಟರಲ್ಲಿ ಡಬ್ಬಣ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದ. ಎಷ್ಟೋ ದಿನದ ಮೇಲೆ ಬೀದಿಯವರೊಡನೆ ಅವನು ಆಡಿದ ಮೊದಲ ಮಾತು ಇದು.

"ಅವರ ಹತ್ರ ಕೂತ್ಕೊಂಡು ಕೇಳಿ, ಅಕ್ಕ. ಅವರು ಹೇಳೋ ತನಕ ಎದ್ದು ಹೋಗ್ಬೇಡಿ."