ಕೆಂಪು ಮುಚ್ಚಳ, ನೀಲಿ ಮುಚ್ಚಳ

ಓದುಕೂಟದಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ಕವಿತೆ ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಓದುವವರು ಅರ್ಥದ ಗೊಡವೆಗೆ ಹೋಗುವಂತಿಲ್ಲ. ಅರ್ಥ ಹೇಳುವವರು ಒಂದು ಸಾಲನ್ನೂ ಹಾರಿಸುವಂತಿಲ್ಲ. ಹಾರಿಸಿದರೆ ಓದುವವರು ಬೇರೇನೂ ಮಾತಾಡದೆ, ಬಿಟ್ಟುಹೋದ ಸಾಲನ್ನೇ ಮತ್ತೆ ಓದಬೇಕು. ಅರ್ಥ ಸಿಕ್ಕುವವರೆಗೂ ಓದುತ್ತಿರಬೇಕು. ಈ ಕಟ್ಟಳೆಯನ್ನು ಯಾರು ಮಾಡಿದರೋ ಯಾರಿಗೂ ನೆನಪಿಲ್ಲ. ಆದರೆ ಗ್ರಂಥಾಲಯದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುವ ಆ ಹಿರಿಯರಿಗೆ ಅದು ಕಲ್ಲಿನ ಮೇಲೆ ಕೊರೆದ ಮಾತು.

ಓದುವವರ ಕುರ್ಚಿಯಲ್ಲಿ ಬಹಳ ಕಾಲ ಕೂತವರು ಗಡಿಯಾರ ರಿಪೇರಿಯವರು. ಚಿಮಟದಲ್ಲಿ ಹಿಡಿದ ಸಣ್ಣ ಚಕ್ರವನ್ನು ಅದರ ಜಾಗದಲ್ಲಿ ಕೂರಿಸುವ ಹಾಗೆ ಒಂದೊಂದು ಶಬ್ದವನ್ನೂ ಇಟ್ಟು ಓದುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಯಾವುದೋ ಕೆಲಸಕ್ಕೆಂದು ಚರಂಡಿಯ ಚಪ್ಪಡಿ ತೆಗೆದವರು ಅದನ್ನು ಹಾಗೇ ಬಿಟ್ಟುಹೋಗಿದ್ದರು. ಬೀದಿಯ ತುಂಬ ನೀರು ನಿಂತಿತ್ತು. ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟವರು ಆ ತೆರೆದ ಚರಂಡಿಯೊಳಗೆ ಹೋದರು.

ಆಮೇಲೆ ಕುರ್ಚಿ ಅವರ ಹೆಂಡತಿಗೆ ಬಂತು. ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಅವರನ್ನು ಎಲ್ಲರೂ ಕರೆಯುವುದು ನರ್ಸಮ್ಮ ಎಂದೇ. ನರ್ಸಮ್ಮ ದೈವಭಕ್ತೆ. ವಾರ್ಡಿನಲ್ಲಿದ್ದಾಗ ಸೂಜಿ ಚುಚ್ಚುವ ಮೊದಲೂ ದೇವರ ಹೆಸರು ಹೇಳುತ್ತಿದ್ದವರು. ಅದಕ್ಕೇ ಗಂಡ ಸತ್ತಾಗ ಬಂದವರೆಲ್ಲ ಆಡಿದ ಮಾತು ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಆಯಸ್ಸು ಅಷ್ಟೇ ಇತ್ತು, ದೇವರ ಚಿತ್ತ, ಅಂದರು ಎಲ್ಲರೂ. ಚಪ್ಪಡಿ ತೆಗೆದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೂಟದಲ್ಲಿ ಅರ್ಥ ಹೇಳುವ ಮೇಷ್ಟ್ರು ಗಂಡನ ಜೀವದ ಗೆಳೆಯರು. ಅವರೂ ತಲೆ ಬಗ್ಗಿಸಿ ಅದನ್ನೇ ಹೇಳಿ ಹೋದರು.

ಯಾವ ವಾರ ಯಾರು ಆರಿಸಿದ ಕವಿತೆ ಎಂಬುದನ್ನು ಕೂಟದ ಹಲಗೆಯ ಮೇಲೆ ತಿಂಗಳುಗಟ್ಟಲೆ ಮುಂಚೆಯೇ ಬರೆದಿಡುವುದು ವಾಡಿಕೆ. ಗಡಿಯಾರದವರು ಸಾಯುವ ಮೊದಲು ತಮ್ಮ ಸರದಿಗೆ ಒಂದು ಕಡಲಹಕ್ಕಿಯ ಕವಿತೆಯನ್ನು ಆರಿಸಿದ್ದರು. ಹೆಸರು ಕೇಳದ ಯಾರೋ ಬರೆದು ಮಾಸಪತ್ರಿಕೆಯಲ್ಲಿ ಬಂದಿದ್ದು. "ಇದನ್ನ ಓದೋವಾಗ ದನಿ ನಡುಗಬಾರದು ಕಣೇ," ಎಂದು ಊಟದ ಹೊತ್ತಿನಲ್ಲಿ ಹೆಂಡತಿಗೆ ಓದಿ ತೋರಿಸಿದ್ದರು. ಆ ಸರದಿಯ ವಾರ ಈಗ ಬಂದಿತ್ತು. ಗಂಡನ ಕೊನೆಯ ಕವಿತೆಯನ್ನು ಅದು ಇದ್ದ ಹಾಗೇ, ಒಂದು ಕೂದಲೆಳೆಯೂ ಕೊಂಕದಂತೆ ಓದಿ ಮುಗಿಸಬೇಕು. ನರ್ಸಮ್ಮನ ಮನಸ್ಸಿನಲ್ಲಿ ಬೇರೆ ಆಸೆ ಇರಲಿಲ್ಲ.

ಅವರು ಕೋಣೆಗೆ ಬಂದಾಗ ಬೆಂಚುಗಳನ್ನು ಒರೆಸಿ ಸಾಲಾಗಿ ಇಡಲಾಗಿತ್ತು. ಸೋರುವ ಮೂಲೆಯಲ್ಲಿ ಸದಾ ಇರುತ್ತಿದ್ದ ಬಕೆಟ್ಟನ್ನು ಯಾರೋ ಬಾಗಿಲ ಹಿಂದೆ ಬಚ್ಚಿಟ್ಟಿದ್ದರು. ಹೂಜಿ, ಲೋಟ ಕಾಣೆಯಾಗಿದ್ದವು. ಅವುಗಳ ಬದಲು ಒಬ್ಬೊಬ್ಬರ ಜಾಗದಲ್ಲೂ ಒಂದೊಂದು ನೀರಿನ ಬಾಟಲಿ ನಿಂತಿತ್ತು.

ಕೂಟದ ಕಾರ್ಯದರ್ಶಿ ಕನ್ನಡಕದ ಅಂಗಡಿಯವನು, ನರ್ಸಮ್ಮನಿಗಿಂತ ಬಹಳ ಚಿಕ್ಕವನು. ಅಂಗಿಯ ಮೇಲೆ ಕೋಟು ಹಾಕಿಕೊಂಡು ಓಡಾಡುತ್ತಿದ್ದವನು ಅವರನ್ನು ಕಂಡು ಹತ್ತಿರ ಬಂದ.

"ನರ್ಸಮ್ಮ, ಇವತ್ತು ದೊಡ್ಡವರು ಒಬ್ಬರು ಬರ್ತಿದ್ದಾರೆ. ನಮಗೆ ಹೊಸ ಸೂರು ಹಾಕಿಸಿಕೊಡ್ತೀನಿ ಅಂದಿದ್ದಾರೆ."

"ಒಳ್ಳೇದಾಯ್ತಪ್ಪ. ಯಾರು?"

"ಬಾಟ್ಲಿ ಫ್ಯಾಕ್ಟರಿ ಯಜಮಾನರು. ಬಾಟ್ಲಿ, ಮುಚ್ಚಳ ಎಲ್ಲಾ ಅವರದೇ." ಅವನು ದನಿ ತಗ್ಗಿಸಿದ. "ಆ ಕವಿತೇಲಿ ಮುಚ್ಚಳದ ಸಾಲುಗಳು ಇವೆಯಲ್ಲ, ಅವನ್ನ ಒಂಚೂರು ಬಿಟ್ಟುಬಿಡಿ. ಮೇಷ್ಟ್ರಿಗೂ ಹೇಳಿದ್ದೀನಿ. ಯಾರಿಗೂ ಗೊತ್ತಾಗಲ್ಲ."

"ಬರೆದವರಿಗೆ ಗೊತ್ತಾಗುತ್ತಲ್ಲಪ್ಪ."

"ಬರೆದವರು ಇಲ್ಲಿಗೆ ಬರ್ತಾರಾ? ನರ್ಸಮ್ಮ, ಮಳೆ ಬಂದ್ರೆ ಪುಸ್ತಕಕ್ಕೆ ಕೊಡೆ ಹಿಡಿಯೋ ಗತಿ ನಮ್ದು. ಸೂರು ಕೈ ತಪ್ಪಿದ್ರೆ ಈ ಕುರ್ಚಿ ವಿಷಯ ಸಭೆ ಮತ್ತೆ ಯೋಚಿಸಬೇಕಾಗುತ್ತೆ. ಆಮೇಲೆ ನನ್ನ ಅನ್ನಬೇಡಿ."

ನರ್ಸಮ್ಮನ ಕಿವಿ ಬಿಸಿಯಾಗಿತ್ತು. ಹೋಗಿ ಗಂಡನ ಕುರ್ಚಿಯಲ್ಲಿ ಕೂತು, ಎದುರಿಗಿದ್ದ ಬಾಟಲಿಯನ್ನು ನೆಲಕ್ಕೆ ಇಳಿಸಿದರು.

ಯಜಮಾನರು ಬಂದರು. ದರ್ಪದ ಮನುಷ್ಯರಲ್ಲ, ಎಲ್ಲರಿಗೂ ಕೈಮುಗಿದರು, ಕಿವಿ ಕೇಳದ ಅಜ್ಜಿಯೊಬ್ಬರ ಹತ್ತಿರ ಬಗ್ಗಿ ಆರೋಗ್ಯ ವಿಚಾರಿಸಿದರು. ಮುಂದಿನ ಸಾಲಿನಲ್ಲಿ ಅವರ ಪಕ್ಕಕ್ಕೆ ಕೂತವರು ನಿವೃತ್ತ ಬಸ್ ಕಂಡಕ್ಟರು. ಕಂಡಕ್ಟರು ಯಾರ ಪಕ್ಕ ಕೂತರೂ ಅರ್ಧ ಸೀಟು ಮಾತ್ರ ಬಳಸುವವರು. ಹಳೆಯ ಅಭ್ಯಾಸ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನರ್ಸಮ್ಮ ಓದಿದರು.

*ತಾಯಿಹಕ್ಕಿ ಅಲೆಯ ಮೇಲೆ*
*ಮಿನುಗಿದ್ದನ್ನೆಲ್ಲ ಮೀನೆಂದು ನಂಬಿತು.*
*ಕೊಕ್ಕಿನಿಂದ ಕೊಕ್ಕಿಗೆ ಇಟ್ಟಿತು:*
*ಕೆಂಪು ಮುಚ್ಚಳ, ನೀಲಿ ಮುಚ್ಚಳ,*
*ಮುರಿದ ಬಾಚಣಿಗೆಯ ಹಲ್ಲು.*
*ಮರಿಗೆ ಹೊಟ್ಟೆ ತುಂಬಿತ್ತು,*
*ಹಸಿದೇ ಸತ್ತಿತು.*
*ಗರಿ ಮಣ್ಣಾಯಿತು, ಮೂಳೆ ಮಣ್ಣಾಯಿತು.*
*ಮುಚ್ಚಳಗಳು ಮಾತ್ರ ಹಾಗೇ ಇದ್ದವು,*
*ಹೊಚ್ಚಹೊಸದಾಗಿ.*

ದನಿ ನಡುಗಲಿಲ್ಲ. ಕಾರ್ಯದರ್ಶಿ ಕಣ್ಣು ಮುಚ್ಚಿಕೊಂಡ.

ಮೇಷ್ಟ್ರು ಅರ್ಥಕ್ಕೆ ಇಳಿದರು. ಅವರ ಮಾತು ಯಾವಾಗಲೂ ಜೇನು ಸುರಿದಂತೆ. "ಕಡಲು ಅಂದರೆ ಸಂಸಾರ. ಮಿನುಗೋದು ಅಂದರೆ ಲೋಕದ ಥಳಕು. ಹಕ್ಕಿ ಅಂದರೆ ಜೀವ. ಜೀವ ಥಳಕಿಗೆ ಮರುಳಾಗುತ್ತೆ. ಹೊಟ್ಟೆ ತುಂಬಿದರೂ ಹಸಿವು ಹೋಗಲ್ಲ. ಎಂಥ ಮಾತು ನೋಡಿ, ಆತ್ಮದ ಹಸಿವು..."

"ಮೇಷ್ಟ್ರೇ, ನಡುವೆ ಒಂದು ಸ್ಟಾಪು ಬಿಟ್ಟುಹೋಯ್ತು," ಅಂದರು ಕಂಡಕ್ಟರು.

ನರ್ಸಮ್ಮ ಓದಿದರು. "ಕೆಂಪು ಮುಚ್ಚಳ, ನೀಲಿ ಮುಚ್ಚಳ, ಮುರಿದ ಬಾಚಣಿಗೆಯ ಹಲ್ಲು."

ಮೇಷ್ಟ್ರು ನಸುನಕ್ಕರು. "ಹೌದು, ಹೌದು. ಬಣ್ಣಗಳು. ಕೆಂಪು ಅಂದರೆ ಕೋಪ. ನೀಲಿ ಅಂದರೆ ಮೋಹ."

"ಮತ್ತೆ ಬಾಚಣಿಗೆ ಹಲ್ಲು?" ಎಂದು ಕಂಡಕ್ಟರು ಕೇಳಿದರು. "ಅದು ಯಾವ ಗುಣ ಸ್ವಾಮಿ? ನನ್ನ ತಲೇಲಿ ಕೂದಲಿಲ್ಲ, ಅದಕ್ಕೆ ಕೇಳ್ದೆ."

ಬೆಂಚುಗಳಲ್ಲಿ ನಗು ಹರಿದಾಡಿತು. ಯಜಮಾನರೂ ನಕ್ಕರು. "ಬಹಳ ಚೆನ್ನಾಗಿ ಹೇಳ್ತಿದ್ದೀರಿ ಮೇಷ್ಟ್ರೇ. ಎಲ್ಲಾ ಆ ಭಗವಂತನ ಆಟ. ಪಾಪ, ಹಕ್ಕಿಗೆ ಅಷ್ಟೇ ಆಯಸ್ಸು ಬರೆದಿತ್ತು."

ಆ ಒಂದು ಮಾತು ಬೀಳದೆ ಇದ್ದಿದ್ದರೆ ನರ್ಸಮ್ಮ ಕಟ್ಟಳೆಯ ಗೆರೆಯೊಳಗೇ ಉಳಿಯುತ್ತಿದ್ದರೋ ಏನೋ. ಕಾಗದದ ಮೇಲಿದ್ದ ಅವರ ಬೆರಳು ಬೆಳ್ಳಗಾಗುವಷ್ಟು ಒತ್ತಿತು. ಅವರು ಮತ್ತೆ ಓದಿದರು. ಈ ಸಲ ನಿಧಾನವಾಗಿ ಓದಿದರು. ರೋಗಿಗೆ ಔಷಧಿಯ ಹೆಸರು ಓದಿ ಹೇಳುವ ಹಾಗೆ.

"ಕೆಂಪು ಮುಚ್ಚಳ. ನೀಲಿ ಮುಚ್ಚಳ. ಮುರಿದ ಬಾಚಣಿಗೆಯ ಹಲ್ಲು."

"ಅತ್ತಿಗೆ, ಅರ್ಥ ಹೇಳಾಯ್ತಲ್ಲ," ಅಂದರು ಮೇಷ್ಟ್ರು.

"ಕೆಂಪು ಮುಚ್ಚಳ. ನೀಲಿ ಮುಚ್ಚಳ."

ನಗು ನಿಂತಿತು. ಬಾಟಲಿ ಬಿಚ್ಚಿ ಕುಡಿಯುತ್ತಿದ್ದ ಒಬ್ಬರು, ಕೈಯಲ್ಲಿದ್ದ ಮುಚ್ಚಳವನ್ನು ಎಲ್ಲಿಡುವುದೆಂದು ತಿಳಿಯದೆ ಮುಷ್ಟಿಯೊಳಗೆ ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ತಮ್ಮ ಬಾಟಲಿಯನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದ ಸದ್ದು ಕೇಳಿಸಿತು.

"ನರ್ಸಮ್ಮ," ಎಂದು ಕಾರ್ಯದರ್ಶಿ ಎದ್ದ.

"ನೀನು ಕೂತ್ಕೊ. ಕಟ್ಟಳೆ ಇರೋದು ನಿನ್ನನ್ನೂ ಸೇರಿಸಿಯೇ." ಅವರು ಮೇಷ್ಟ್ರ ಕಡೆ ತಿರುಗಿದರು. "ಓದೋಳು ಅರ್ಥ ಹೇಳಬಾರದು, ಗೊತ್ತು. ಇವತ್ತು ಕಟ್ಟಳೆ ತಪ್ತೀನಿ, ಎಲ್ಲರೂ ಕ್ಷಮಿಸಿ. ಮೇಷ್ಟ್ರೇ, ನಾನೂ ಮೂರು ಹೊತ್ತು ದೇವರನ್ನ ನೆನೆಯೋಳು. ಅದಕ್ಕೇ ಕೇಳ್ತೀನಿ. ದೇವರು ಮೀನು ಮಾಡಿದ. ಹಕ್ಕಿಗೆ ಮೀನು ಹುಡುಕೋ ಕಣ್ಣು ಕೊಟ್ಟ. ಆ ಕಣ್ಣಿಗೆ ಮೋಸ ಆಗೋ ಹಾಗೆ ಕಡಲಿಗೆ ಮುಚ್ಚಳ ಸುರಿದದ್ದು ಅವನಾ? ಮಾಡೋದೆಲ್ಲ ನಾವು ಮಾಡಿ, ಹೆಣ ಬಿದ್ದ ಮೇಲೆ ಅವನ ಚಿತ್ತ ಅಂದ್ರೆ, ಅದು ಭಕ್ತಿನಾ? ದೇವರೇನು ನಮ್ಮ ಕಸದ ಬುಟ್ಟಿನಾ?"

ನರ್ಸಮ್ಮ ಕಾಗದವನ್ನು ಮಡಿಲ ಮೇಲೆ ಇಳಿಸಿದರು.

"ನಮ್ಮನೆಯವರು ಚರಂಡಿಗೆ ಬಿದ್ದಾಗಲೂ ಇದೇ ಅರ್ಥ ಹೇಳಿದ್ರಿ ನೀವು. ಆಯಸ್ಸು ಅಂದ್ರಿ. ಚಪ್ಪಡಿ ಅನ್ನೋ ಸಾಲನ್ನ ಆವತ್ತೂ ಹಾರಿಸಿದ್ರಿ. ಆವತ್ತು ನನಗೆ ಮತ್ತೆ ಓದೋ ಶಕ್ತಿ ಇರಲಿಲ್ಲ."

ಮೇಷ್ಟ್ರು ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಕೊನೆಗೆ, ಜೇನಿಲ್ಲದ ಬರಿಯ ದನಿಯಲ್ಲಿ ಹೇಳಿದರು:

"ಮುಚ್ಚಳ ಅಂದರೆ ಮುಚ್ಚಳ. ನಾವು ಕುಡಿದು ಬಿಸಾಡಿದ್ದು. ಹಕ್ಕಿ ಅಂದರೆ ಹಕ್ಕಿ. ಅದನ್ನ ಕೊಂದದ್ದು ನಾವು. ಈ ಸಾಲಿಗೆ ಬೇರೆ ಅರ್ಥ ಇಲ್ಲ."

ಕಾರ್ಯದರ್ಶಿಯ ಕಣ್ಣು ಯಜಮಾನರ ಮೇಲೆಯೇ ಇತ್ತು. ಎಲ್ಲರೂ ಅತ್ತಲೇ ನೋಡಿದರು. ಎದ್ದು ಹೋಗುತ್ತಾರೆ, ಇಲ್ಲವೇ ಗದರುತ್ತಾರೆ ಎಂದುಕೊಂಡರು.

ಯಜಮಾನರು ಚಪ್ಪಾಳೆ ತಟ್ಟಿದರು.

"ಅದ್ಭುತ," ಅಂದರು. ಕಣ್ಣಂಚು ಒರೆಸಿಕೊಂಡರು ಕೂಡ. "ಮನಸ್ಸು ಕರಗಿಹೋಯ್ತು. ಇಂಥ ಕವಿತೆಗಳು ಬೇಕು, ಇಂಥ ಓದು ಬೇಕು. ಅಮ್ಮ, ನಿಮ್ಮ ದನೀಲಿ ಏನೋ ಒಂದು ಶಕ್ತಿ ಇದೆ. ನಿಮ್ಮ ಸೂರು ಈ ತಿಂಗಳೇ ಹಾಕಿಸ್ತೀನಿ. ಇನ್ನು ಮೇಲೆ ವಾರವಾರ ನೀರೂ ನಮ್ಮದೇ."

ಕಾರ್ಯದರ್ಶಿ ಉಸಿರು ಬಿಟ್ಟ. ಬೆಂಚುಗಳಿಂದ ಚಪ್ಪಾಳೆ ಎದ್ದಿತು. ಬಿಗಿದ ಹಗ್ಗ ಸಡಿಲಾದಾಗ ಆಗುವ ಸಂತೋಷ ಅದು. ನರ್ಸಮ್ಮ ಮಾತ್ರ ಕಾಗದ ಹಿಡಿದುಕೊಂಡೇ ಕೂತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಹೊಗಳಿಕೆಯನ್ನು ಹೇಗೆ ತಡೆದುಕೊಳ್ಳುವುದು ಎಂದು ಅವರಿಗೆ ತೋಚಲಿಲ್ಲ.

"ಸ್ವಾಮಿ, ನಿಮಗೆ ಅರ್ಥ ಆಯ್ತಾ?"

"ಆಗದೆ ಏನಮ್ಮ? ತುಂಬಾ ಮಾರ್ಮಿಕವಾಗಿದೆ."

"ಹಾಗಾದ್ರೆ ನಾಳೆ ಫ್ಯಾಕ್ಟರಿಗೆ ಹೋಗಿ ಏನು ಮಾಡ್ತೀರಿ?"

ಯಜಮಾನರು ಮಗುವಿನ ಮಾತು ಕೇಳಿದವರಂತೆ ಪ್ರೀತಿಯಿಂದ ನಕ್ಕರು. "ಅಮ್ಮ, ಕವಿತೆ ಬೇರೆ, ಕಾರ್ಖಾನೆ ಬೇರೆ."

ಕೈಮುಗಿದು, ಕಿವಿ ಕೇಳದ ಅಜ್ಜಿಗೆ ಇನ್ನೊಮ್ಮೆ ಬಗ್ಗಿ ಹೋಗಿಬರುತ್ತೇನೆಂದು ಹೇಳಿ, ಅವರು ಹೊರಟುಹೋದರು. ಕಾರ್ಯದರ್ಶಿ ಗೇಟಿನವರೆಗೆ ಓಡಿ, ಅರಳಿದ ಮುಖದಿಂದ ವಾಪಸು ಬಂದ.

"ನೋಡಿದ್ರಾ ನರ್ಸಮ್ಮ, ಸುಮ್ಮನೆ ಹೆದರಿಬಿಟ್ಟಿದ್ವಿ. ಎಷ್ಟು ದೊಡ್ಡ ಮನಸ್ಸು. ಕುರ್ಚಿ ನಿಮ್ಮದೇ, ನಾನು ಅಂದಿದ್ದನ್ನ ಮರೆತುಬಿಡಿ."

"ಆ ಸೂರು ಬೇಕಾ ನಮಗೆ?" ಎಂದು ನರ್ಸಮ್ಮ ಎಲ್ಲರನ್ನೂ ಕೇಳಿದರು.

ಒಬ್ಬರು ಚಪ್ಪಲಿ ಹುಡುಕತೊಡಗಿದರು. ಇನ್ನೊಬ್ಬರು ಸೀರೆಯ ನೆರಿಗೆ ಸರಿಮಾಡಿಕೊಂಡರು. ಈಗತಾನೇ ನಿಜವಾದ ಅರ್ಥ ಹೇಳಿದ ಮೇಷ್ಟ್ರು ಮೆಲ್ಲಗೆ ಅಂದರು, "ಅತ್ತಿಗೆ, ಮಳೆ ನೀರು ಯಾರನ್ನೂ ಕೇಳಿ ಬರಲ್ಲ. ಪುಸ್ತಕಗಳು ನೆನೀತಾವೆ."

"ನೆನೆದ ಪುಸ್ತಕ ಒಣಗುತ್ತೆ ಮೇಷ್ಟ್ರೇ."

"ಅರ್ಥ ಒಪ್ಪಿಕೊಂಡೆನಲ್ಲ ಅತ್ತಿಗೆ. ಇನ್ನೇನು ಮಾಡಲಿ?"

"ಒಪ್ಪಿಕೊಂಡ್ರಿ. ಅವರೂ ಒಪ್ಪಿಕೊಂಡ್ರು, ಕಣ್ಣೂ ಒರೆಸಿಕೊಂಡ್ರು." ನರ್ಸಮ್ಮ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದರು. "ಹಾರಿಸಿದ ಸಾಲನ್ನ ಮತ್ತೆ ಓದೋಕೆ ನನಗೆ ಬರುತ್ತೆ. ಕೇಳಿ, ಅರ್ಥಮಾಡ್ಕೊಂಡು, ಚಪ್ಪಾಳೆ ಹೊಡೆದು ಹೋಗೋರಿಗೆ ಏನು ಓದಬೇಕೋ ನನಗೆ ಗೊತ್ತಿಲ್ಲ. ಆ ಸೂರಿನ ಕೆಳಗೆ ನಾನು ಓದಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

ಮೆಟ್ಟಿಲಿಳಿಯುವಾಗ ಕಂಡಕ್ಟರು ಹಿಂದೆ ಬಂದರು. ನಗಿಸಲು ಒಂದು ಮಾತು ಅವರ ನಾಲಿಗೆಯ ತುದಿಯವರೆಗೆ ಬಂದಿರಬೇಕು, ಆಡಲಿಲ್ಲ. "ಮುಂದಿನ ವಾರ ಎಲ್ಲಿ ಓದ್ತೀರಿ ಹೇಳಿ ತಾಯಿ, ಅಲ್ಲಿಗೇ ಬರ್ತೀನಿ," ಅಂದರು.

"ಎಲ್ಲೂ ಇಲ್ಲಣ್ಣ. ಈಗ ಓದಿದ್ರೆ ಬೈದ ಹಾಗೆ ಕೇಳಿಸುತ್ತೆ."

"ಬೈಸಿಕೊಂಡು ಅಭ್ಯಾಸ ಇದೆ ನನಗೆ. ಮೂವತ್ತು ವರ್ಷ ಬಸ್ಸಲ್ಲಿ ಚಿಲ್ಲರೆ ಇಲ್ಲ ಅಂದವನು ನಾನು."

ನರ್ಸಮ್ಮ ತಲೆಯಾಡಿಸಿ ನಡೆದರು.

ಸಂಜೆ ದೇವರ ಮುಂದೆ ಕೂತಾಗ, ಮನಸ್ಸಿಗೆ ಶಾಂತಿ ಕೊಡು ಎಂದು ಕೇಳುವುದು ಗಂಡ ಹೋದಂದಿನಿಂದ ಅವರ ರೂಢಿ. ಅಂದು ಅದನ್ನು ಕೇಳಲು ನಾಲಿಗೆ ಏಳಲಿಲ್ಲ. ಎಲ್ಲ ಕೇಳಿಯೂ ಶಾಂತಿಯಿಂದಿರುವವರನ್ನು ಅವರು ಅಂದು ಕಣ್ಣಾರೆ ನೋಡಿ ಬಂದಿದ್ದರು. ಕೈಮುಗಿದು, ಎದುರಿಗೆ ಕೂತ ಮನೆಯ ಮಂದಿಗೆ ಹೇಳುವಂತೆ ದೇವರಿಗೆ ಹೇಳಿದರು:

"ಎಲ್ಲರೂ ತಮ್ಮ ತಪ್ಪನ್ನ ತಂದು ನಿನ್ನ ತಲೆ ಮೇಲೆ ಹಾಕ್ತಾರೆ. ನೀನೂ ಸುಮ್ಮನೆ ಹೊರ್ತೀಯ. ಹೊರಬೇಡ. ಯಾರದ್ದು ಅವರ ಬಾಗಿಲಿಗೇ ಕಳಿಸು. ನನ್ನದಿದ್ದರೆ ನನ್ನ ಬಾಗಿಲಿಗೂ ಕಳಿಸು, ನಾನು ತೆಗೀತೀನಿ."