ಮೊಳೆಯದ ಕಾಳು

ಶಿವಗಂಗಾಳ ಅಂಗೈ ಸುಲಿಯತೊಡಗಿ ಆರು ತಿಂಗಳಾಗಿತ್ತು. ಬೆರಳ ಸಂದಿಯಲ್ಲಿ ಕೆಂಪು ಮಾಂಸ ಕಾಣುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ, ಹಳೆ ಸೀರೆಯ ಚೂರು ಸುತ್ತಿಕೊಂಡು ಮತ್ತೆ ಕೆಸರಿನ ಕುಣಿಗೆ ಇಳಿಯುತ್ತಿದ್ದಳು. ಅಲ್ಲಿ ದುಡಿಯುವ ಹನ್ನೊಂದು ಮಂದಿ ಹೆಂಗಸರದೂ ಇದೇ ಪಾಡು.

ನಮ್ಮೂರು ಕಿಣ್ಣಿ ಸುಲ್ತಾನದ ಹೊರಗೆ ದೌಲತರಾಯ ಸಾವುಕಾರರ ಇಟ್ಟಿಗೆ ಕಾರ್ಖಾನೆ. ಎಲ್ಲೋ ದೂರದಲ್ಲಿ ಅದಿರು ಬೇಯಿಸಿ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಅದರಲ್ಲಿ ಸುಡುವ ಕ್ಷಾರ ಇರುತ್ತದೆ. ತೊಟ್ಟಿಯಲ್ಲಿ ಆಸಿಡ್ ಹಾಕಿ, ತೊಳೆದು, ಆಮೇಲೆ ಇಟ್ಟಿಗೆಗೆ ಕಲಸಬೇಕು. ಹಾಗೆಂದು ಗೇಟಿನ ಬೋರ್ಡಿನ ಮೇಲೆ ಬರೆದಿದೆ. ತೊಟ್ಟಿಯೂ ಇದೆ. ಅದರಲ್ಲಿ ಸಾವುಕಾರರ ನಾಯಿ ಮರಿ ಹಾಕಿದೆ.

ಇದೆಲ್ಲ ನನಗೆ ಗೊತ್ತಿತ್ತು. ನಾನು ಸೂರ್ಯಕಾಂತ, ಅಲ್ಲಿಯ ಟ್ರ್ಯಾಕ್ಟರ್ ಡ್ರೈವರ್. ಆ ಕೆಸರನ್ನು ನೇರ ಕುಣಿಗೆ ಸುರಿಯುವವನೇ ನಾನು. ಒಮ್ಮೆ ಕೇಳಿದ್ದೆ.

"ಸಾವ್ಕಾರ್ರ, ತೊಟ್ಟಿಗಿ ಹಾಕೂದಿಲ್ಲೇನ್ರಿ?"

"ಗಾಡಿ ಹೊಡ್ಯಾಕ ಬಂದೀಯೋ, ನನಗ ಶಾಣ್ಯಾತನ ಕಲಿಸಾಕ ಬಂದೀಯೋ? ನಾಳಿಂದ ಬರಬ್ಯಾಡ ಅಂದ್ರ ಏನ್ ಮಾಡ್ತಿ?"

ಗಾಡಿ ಹತ್ತಿ ಕೆಸರನ್ನು ಕುಣಿಗೇ ಸುರಿದೆ.

ದಸರೆ ಬಂತು. ಶಿವಗಂಗಾಳ ಅತ್ತೆ ತುಳಜಾಬಾಯಿ ನಮ್ಮ ಓಣಿಯವಳೇ. ಅವರ ಮನೆಯಲ್ಲಿ ದೇವಿಯ ಘಟ ಹಾಕುತ್ತಾರೆ. ಪತ್ರಾವಳಿಯ ಮೇಲೆ ಮಣ್ಣು ಹರವಿ, ಐದು ತರದ ಕಾಳು ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು ಒಂಬತ್ತು ದಿನ ದೀಪ ಕಾಯಬೇಕು. ಸಸಿ ಬೆಳೆದರೆ ಮನೆ ಬೆಳೆಯುತ್ತದೆ ಎಂಬ ನಂಬಿಕೆ. ಪ್ರತಿ ವರ್ಷ ಹೊಲದ ಎರೆಮಣ್ಣು ತರುತ್ತಿದ್ದರು. ಈ ಸಲ ಮಳೆಗೆ ಹೊಲವೆಲ್ಲ ರಾಡಿ.

"ಸೂರ್ಯಾ, ನಿಮ್ಮ ಫ್ಯಾಕ್ಟರಿದು ಕೆಂಪು ಮಣ್ಣು ಒಂದು ಬುಟ್ಟಿ ತಂದ್ಕೊಡಪ್ಪಾ. ಕುಂಕುಮದಂಗ ಅದ. ದೇವಿಗಿ ಒಪ್ಪತದ."

ಬೇಡ ಅನ್ನಬೇಕಿತ್ತು. ಬೇಡವೆಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ತಂದುಕೊಟ್ಟೆ.

ಮೂರನೇ ದಿನಕ್ಕೆ ಮೊಳಕೆ ಬರಬೇಕು. ಐದಾಯಿತು, ಏಳಾಯಿತು. ಒಂದು ಕಾಳೂ ಬಾಯಿ ಬಿಡಲಿಲ್ಲ. ಓಣಿಯೆಲ್ಲ ಬಂದು ಇಣುಕಿತು. ನಾಲ್ಕು ವರ್ಷದಿಂದ ಮಕ್ಕಳಾಗದ ಸೊಸೆಯ ಮೇಲೆ ಎಲ್ಲರ ಕಣ್ಣು ಬಿತ್ತು.

"ಮೈಲಿಗೀಲೆ ದೇವರ ಖೋಲಿಗಿ ಹೋಗ್ಯಾಳ. ಖಂಡಪ್ಪಾ, ಈಕಿನ್ನ ತವರಿಗಿ ಬಿಟ್ಟು ಬಾ" ಎಂದಳು ತುಳಜಾಬಾಯಿ. ಶಿವಗಂಗಾಳ ಗಂಡ ಖಂಡಪ್ಪ ತಲೆ ಎತ್ತಲಿಲ್ಲ.

"ದೇವಿ ಆಣಿ, ನಾ ಆ ಹೊಸ್ತಿಲಾ ದಾಟಿಲ್ರಿ ಅತ್ತಿ."

ಯಾರೂ ಕೇಳಲಿಲ್ಲ. ಜೇವರ್ಗಿ ಕಡೆಯ ತವರಿಗೆ ಹೋಗಲು ಅವಳು ಗಂಟು ಕಟ್ಟತೊಡಗಿದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡೆ.

"ದೊಡ್ಡವ್ವಾ, ತಪ್ಪು ಆಕಿದಲ್ಲ. ಅದು ಮಣ್ಣೇ ಅಲ್ಲ, ಸುಡೂ ಕೆಸರು. ಆಸಿಡ್ ಹಾಕಿ ತೊಳೀಬೇಕಿತ್ತು, ತೊಳದಿಲ್ಲ. ಅದರಾಗ ಕಸ ಸುದ್ದಾ ಹುಟ್ಟೂದಿಲ್ಲ. ನನಗ ಗೊತ್ತಿತ್ತು."

ತುಳಜಾಬಾಯಿ ಪತ್ರಾವಳಿಯಿಂದ ಒಂದು ಕಾಳು ಹೆಕ್ಕಿದಳು. ಕರ್ರಗಾಗಿತ್ತು.

"ನನ್ನ ದೇವಿ ಕಾಳು ಸುಟ್ಟನಲ್ಲೋ ಸಾವ್ಕಾರ! ನಡೀರಿ ಎಲ್ಲಾರೂ. ಕೇಳೂನು ಅವನಿಗಿ!"

ಸೆರಗು ಸಿಕ್ಕಿಸಿಕೊಂಡು ಹೊರಟಳು. ಖಂಡಪ್ಪನೂ ಎದ್ದ. ನೋಡನೋಡುತ್ತ ಐವತ್ತು ಜನ ಸೇರಿದರು. ಶಿವಗಂಗಾ ಮಾತ್ರ ಕದಲಲಿಲ್ಲ.

"ಬಾರವ್ವಾ, ನಂದ ತಪ್ಪಾತು" ಎಂದಳು ಅತ್ತೆ.

ಶಿವಗಂಗಾ ಕೈಗೆ ಸುತ್ತಿದ ಬಟ್ಟೆ ಬಿಚ್ಚಿದಳು. "ಆರು ತಿಂಗಳಾತ್ರಿ ಅತ್ತಿ, ಈ ಕೈಲೇ ರೊಟ್ಟಿ ಬಡದು ಹಾಕೇನಿ. ರಕ್ತ ಹತ್ತಿದ ರೊಟ್ಟಿ ನೀವೇ ಬಾಜೂ ಸರಿಸಿಟ್ರಿ. ಕಾಳು ಸುಟ್ಟದ್ದಕ್ಕ ಓಣಿನೇ ಎದ್ದದ. ನನ್ನ ಕೈ ಸುಟ್ಟಾಗ ಒಬ್ರೂ ಏಳಲಿಲ್ಲಲ್ರಿ." ನನ್ನ ಕಡೆ ತಿರುಗಿದಳು. "ಅಣ್ಣಾ, ನಿನಗಂತೂ ಗೊತ್ತಿತ್ತು."

ಗಂಟು ಎತ್ತಿಕೊಂಡು ಬಸ್ಸಿಗೆ ನಡೆದಳು. ತಡೆಯುವ ಮುಖ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಉಳಿದವರೆಲ್ಲ ಕಾರ್ಖಾನೆಗೆ ಹೋದೆವು. ಗೇಟಿನಲ್ಲಿ ಸಾವುಕಾರರು ಚಪ್ಪಲಿ ಬಿಟ್ಟು ಬಂದು ಕೈ ಮುಗಿದರು. "ದೇವಿಗಿ ತಪ್ಪಾತವ್ವಾ. ಹೊಸಾ ಘಟ ನಾನೇ ಹಾಕಸ್ತೇನಿ. ಹಸರ ಸೀರಿ, ಐದು ಟೆಂಗಿನಕಾಯಿ ಕಳಸ್ತೇನಿ." ಜನ ತಣ್ಣಗಾದರು. ಹೆಂಗಸರ ಕೈಗಳ ಮಾತನ್ನು ನಾನೊಬ್ಬನೇ ಎತ್ತಿದೆ. ಕೆಲಸ ಹೋಯಿತು.

ವಾರದ ಮೇಲೆ ಆ ಗೇಟಿನೆದುರು ಚಹಾದಂಗಡಿಯಲ್ಲಿ ಕೂತಿದ್ದೆ. ಜಿಡಗಾದ ಕಡೆಯಿಂದ ಹೊಸ ಹೆಂಗಸೊಬ್ಬಳು ಶಿವಗಂಗಾಳ ಜಾಗಕ್ಕೆ ಬಂದಿದ್ದಳು.

"ಒಳಗ ಹೋಗಬ್ಯಾಡ ತಂಗಿ" ಎಂದೆ. "ಕೈ ಸುಡತದ."

ಅವಳು ತನ್ನ ಕೈ ನೋಡಿಕೊಂಡಳು.

"ಮನ್ಯಾಗ ಹಿಟ್ಟಿಲ್ಲಣ್ಣಾ" ಎಂದು ಒಳಗೆ ಹೋದಳು.