ಬೇರೆ ಯಾರೂ ಹಾಡದ ಹಾಡು

ನೋರಿಕೊ ಅಕ್ಕನ ಕರೋಕೆ ಬಾರಿನಲ್ಲಿ ಖಾಯಂ ಗಿರಾಕಿಗಳಿಗೆ ಒಂದೊಂದು ಸ್ವಂತ ಹಾಡಿದೆ. ಅದನ್ನು ಬೇರೆಯವರು ಹಾಡುವಂತಿಲ್ಲ. ಹಾಗೆಂದು ಗೋಡೆಯ ಮೇಲೆ ಬರೆದು ಹಾಕಿಲ್ಲ. ಕುರೆ ಬಂದರಿನ ಈ ಓಣಿಯಲ್ಲಿ ಕುಡಿಯಲು ಕಲಿತವರಿಗೆಲ್ಲ ಗೊತ್ತು. ಹಾಡಿನವರು ಸತ್ತರೆ, ಸೂತಕ ಕಳೆಯುವ ನಲವತ್ತೊಂಬತ್ತನೆಯ ದಿನ ಎಲ್ಲರೂ ಎದ್ದು ನಿಂತು ಅದನ್ನು ಒಟ್ಟಾಗಿ ಒಂದು ಸಲ ಹಾಡುತ್ತಾರೆ. ಅವರ ಹೆಸರು ಬರೆದು ಕಪಾಟಿನಲ್ಲಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಹಂಚಿಕೊಂಡು ಕುಡಿಯುತ್ತಾರೆ. ಅಲ್ಲಿಂದಾಚೆ ಹಾಡು ಎಲ್ಲರದು.

ನನ್ನ ಗಂಡ ಕಜುಹಿಸಾ ಅವರ ಹಾಡು ರಾಕ್ ಗಾಯಕ ಮಕಾಬೆ ರೈಗೋನದು. ರೈಗೋನ ಹಾಡು ಬಾರದವರು ನಮ್ಮ ವಯಸ್ಸಿನವರಲ್ಲಿಲ್ಲ. ಎಪ್ಪತ್ತು ದಾಟಿದರೂ ಆ ಮನುಷ್ಯ ಚರ್ಮದ ಪ್ಯಾಂಟು ತೊಟ್ಟು ವೇದಿಕೆಯ ಮೇಲೆ ಜಿಗಿಯುತ್ತಾನೆ; ಎಲ್ಲಿ ಸೊಂಟ ಉಳುಕೀತೋ ಎಂದು ನಾನು ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತೇನೆ. ಅವನ ಮದುವೆಮನೆ ಹಾಡು, ಬಿಯರ್ ಜಾಹೀರಾತಿನ ಹಾಡು ಎಲ್ಲ ಬಿಟ್ಟು ನನ್ನವರು ಆರಿಸಿಕೊಂಡದ್ದು ಬೈಕಿನ ಮೇಲೆ ಊರು ಬಿಡುವ ಹುಡುಗನ ಹಾಡನ್ನು. ನಡುವೆ ಗಿಟಾರ್ ಥಟ್ಟನೆ ನಿಲ್ಲುತ್ತದೆ, ರೈಗೋ “ಹೊರಡೋಣ್ವಾ!” ಎಂದು ಕೂಗುತ್ತಾನೆ. ನನ್ನವರು ಗಿಟಾರ್ ನಿಲ್ಲುವ ಮೊದಲೇ ಕೂಗಿಬಿಡುತ್ತಿದ್ದರು. ಪ್ರತಿ ಸಲವೂ.

“ಹಡಗುಕಟ್ಟೆಲಿ ವೆಲ್ಡಿಂಗ್ ಮಾಡಿ ಮಾಡಿ ಕಿವಿ ಹೋಗಿದೆ ಇವನಿಗೆ,” ಎಂದು ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ ಒಕುಮುರಾ ಛೇಡಿಸುತ್ತಿದ್ದರು.

“ರೈಗೋ ತಡ ಮಾಡಿದ್ರೆ ನಾನೇನ್ ಮಾಡ್ಲಿ?” ಅನ್ನುತ್ತಿದ್ದರು ಇವರು.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಕೆಲಸಕ್ಕೆ ಹೊರಟವರು ಹಡಗುಕಟ್ಟೆಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಕಾರು ರೈಲು ನಿಲ್ದಾಣದ ಬಳಿ ಸಿಕ್ಕಿತು, ಬುತ್ತಿ ಒಳಗೇ ಇತ್ತು. ತಾವಾಗಿ ಹೋದವರನ್ನು ಹುಡುಕುವುದು ಕಷ್ಟ ಎಂದರು ಪೊಲೀಸರು. ಭಾವ ತೆತ್ಸುರೋ ಮನೆಯ ಪೂರ್ವಿಕರ ಪೀಠದಲ್ಲಿ ತಮ್ಮನ ಫೋಟೊ ಇಡಬೇಕೆಂದರು, ನಾನು ಬಿಡಲಿಲ್ಲ. ಕಡೆಗೆ ಅವರೇ ನ್ಯಾಯಾಲಯಕ್ಕೆ ಹೋದರು. ಏಳು ವರ್ಷ ಪತ್ತೆಯಿಲ್ಲದವರು ಸತ್ತಂತೆ ಎಂದು ಕಾನೂನು. ಈ ಬೇಸಿಗೆಯಲ್ಲಿ ತೀರ್ಪೂ ಬಂತು. ಬಾರಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಯಾಕೆಂದರೆ ಅವರು ಇನ್ನೂ ಬದುಕಿದ್ದುದು ಅಲ್ಲಿ ಮಾತ್ರ. ಗುರುವಾರ ಗುರುವಾರ ಹೋಗಿ, ಒಂದು ಲೋಟ ತಣ್ಣನೆಯ ಚಹಾ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದೆ. ಅವರ ಬಾಟಲಿ ಕಪಾಟಿನಲ್ಲಿದೆಯೇ ಎಂದು ನೋಡುತ್ತಿದ್ದೆ. ಕರೋಕೆ ಯಂತ್ರದಲ್ಲಿ ಯಾರು ಏನು ಹುಡುಕುತ್ತಿದ್ದಾರೆಂದು ಕಣ್ಣಿಟ್ಟಿರುತ್ತಿದ್ದೆ. ಹೊಸಬರು ಯಾರಾದರೂ ಆ ಹಾಡು ಒತ್ತಿದರೆ ನೋರಿಕೊ ಅಕ್ಕ, “ಅದರ ಯಜಮಾನ್ರು ಬರ್ತಾರೆ, ಬೇರೆ ಹಾಡಿ,” ಅನ್ನುತ್ತಿದ್ದಳು. ‘ಬರ್ತಾರೆ’ ಎಂಬ ಅವಳ ಆ ಮಾತಿನ ಮೇಲೆ ನಾನು ವಾರ ತಳ್ಳುತ್ತಿದ್ದೆ.

ಹೋದ ಗುರುವಾರ ಕೆಲಸ ಬೇಗ ಮುಗಿಯಿತು. ಇನ್ನೂ ಬೆಳಕಿತ್ತು. ಬಾರಿನ ಮೆಟ್ಟಿಲ ಬುಡದಲ್ಲೇ ಕೇಳಿಸಿತು: ಅದೇ ಹಾಡು. ಯಾರೋ ಹೊಸಬ, ಈಗ ಅಕ್ಕ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಲಿಲ್ಲ. ಗಿಟಾರ್ ಇನ್ನೂ ನುಡಿಯುತ್ತಿರುವಾಗಲೇ ಒಂದು ಗಂಡು ದನಿ ಕೂಗಿತು. “ಹೊರಡೋಣ್ವಾ!”

ನನ್ನ ಕೈ ತಾನಾಗಿ ತಲೆಗೂದಲಿಗೆ ಹೋಯಿತು. ಎಲ್ಲಿದ್ದಿರಿ ಎಂದು ಕೇಳಬಾರದು, ಅಳಬಾರದು, ‘ಊಟ ಆಯ್ತಾ?’ ಎಂದಷ್ಟೇ ಕೇಳಬೇಕು ಎಂದು ಮೆಟ್ಟಿಲು ಹತ್ತುತ್ತ ತೀರ್ಮಾನಿಸಿದೆ. ಬಾಗಿಲು ತೆಗೆದೆ.

ಎಲ್ಲರೂ ಎದ್ದು ನಿಂತಿದ್ದರು. ಅವರ ಬಾಟಲಿ ಮೇಜಿನ ಮೇಲೆ ಬರಿದಾಗಿತ್ತು. ನನ್ನನ್ನು ಕಂಡು ಬಾಯಿಗಳು ನಿಂತವು, ಸಂಗೀತ ಮಾತ್ರ ಸಾಗಿತು.

“ಚಿಸಾತೊ, ನೀನು ಎಂಟಕ್ಕಲ್ವೇನೇ ಬರೋದು?” ಎಂದಳು ನೋರಿಕೊ ಅಕ್ಕ. “ಮೊನ್ನೆ ನಿಮ್ಮ ಭಾವ ಬಂದು ಎಲ್ಲ ಹೇಳಿದ್ರು. ನಲವತ್ತೊಂಬತ್ತು ದಿನ ಯಾವತ್ತಿಂದ ಎಣಿಸೋದು ಅಂತ್ಲೂ ತಿಳೀಲಿಲ್ಲ ಕಣೆ. ನಿನ್ನ ಕಿವಿಗೆ ಬೀಳೋದು ಬೇಡ, ನೀನು ಬರೋದ್ರೊಳಗೆ ಮುಗಿಸೋಣ ಅಂದ್ವಿ.”

“ಕೂಗಿದ್ದು ಯಾರು?”

ಒಕುಮುರಾ ಕೈ ಎತ್ತಿದರು. “ನಾನೇ ಕಣಮ್ಮ. ಸರಿಯಾಗಿ ಕೂಗೋಣ ಅಂತ್ಲೇ ಹೋದೆ. ಅವನ ಹಾಗೇ ಬಂದ್ಬಿಡ್ತು.”

“ಇನ್ನೊಂದು ವಾರ ತಡೀಬಹುದಿತ್ತಲ್ಲ.”

“ತಡೆದಿದ್ರೆ ಬರ್ತಿದ್ನಾ?” ಎಂದರು. ಛೇಡಿಸುವ ದನಿ ಅದಾಗಿರಲಿಲ್ಲ. ನನ್ನಿಂದ ಉತ್ತರ ಸಿಕ್ಕೀತೆಂದು ನಿಜವಾಗಿ ಕಾದರು.

ಕಿಟಕಿಯ ಬಳಿ ಬೇರೆ ಊರಿನ ಗಿರಾಕಿಯೊಬ್ಬನಿದ್ದ, ಸೂಟು ತೊಟ್ಟವನು. ಅವನಿಗೆ ಏನೂ ಗೊತ್ತಿರಲಿಲ್ಲ. “ರೈಗೋ ಹಾಡಲ್ವಾ ಇದು! ಎಷ್ಟು ಕಾಲ ಆಯ್ತು ಕೇಳಿ. ನಾನೂ ಒಂದ್ಸಲ ಹಾಡ್ಲಾ?” ಎಂದ.

ಎಲ್ಲರೂ ನೋರಿಕೊ ಅಕ್ಕನ ಕಡೆ ನೋಡಿದರು. ಅವಳು ನನ್ನತ್ತ ತಿರುಗದೆ ಲೋಟ ಒರೆಸಿದಳು.

“ಹಾಡಿ,” ಎಂದಳು.

ಚೆನ್ನಾಗಿಯೇ ಹಾಡಿದ. ಗಿಟಾರ್ ನಿಂತ ಮೇಲೆ, ಎಲ್ಲಿ ಕೂಗಬೇಕೋ ಅಲ್ಲೇ ಕೂಗಿದ.

ಆಗ ನನಗೆ ಹೊಳೆದದ್ದು ಇದು. ಅವರು ಒಂದು ದಿನ ಬಂದೇ ಬಂದರೆ ಮೊದಲು ಮನೆಗೆ ಬರಲು ನಾಚಿಕೊಳ್ಳುತ್ತಾರೆ, ಇಲ್ಲಿಗೇ ಬರುತ್ತಾರೆ. ಮೆಟ್ಟಿಲ ಬುಡದಲ್ಲಿ ಅಪರಿಚಿತನ ಬಾಯಲ್ಲಿ ತಮ್ಮ ಹಾಡು ಕೇಳುತ್ತಾರೆ. ಈ ಓಣಿಯ ಪದ್ಧತಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ತಾವು ಸತ್ತಾಯಿತೆಂದು ತಿಳಿದು, ಯಾರಿಗೂ ತೊಂದರೆ ಕೊಡದೆ, ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆ.

ನಾನು ಕೆಳಗಿಳಿದು ಓಣಿಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಒಕುಮುರಾ ಬಾಗಿಲು ತೆರೆದು ಬಗ್ಗಿ ನೋಡಿದರು.

“ಒಳಗೆ ಬಾರಮ್ಮ ಚಿಸಾತೊ. ಅಲ್ಲೇನು ಮಾಡ್ತೀಯ ಒಬ್ಬಳೇ?”

“ನೀವು ಹೋಗಿ ಕೂತ್ಕೊಳ್ಳಿ,” ಎಂದೆ. “ಬಾಗಿಲು ಭದ್ರವಾಗಿ ಹಾಕ್ಕೊಳ್ಳಿ. ಹಾಡು ಹೊರಗೆ ಕೇಳಿಸ್ತಾ ಇದೆ.”